ಪುಲ್ಲಪ್ಪನ ಮೀಸಲು

ಮಿರ್ಲೆಯ ಮಾಯಮ್ಮನಿಗೆ ಐವತ್ತು ದಾಟಿದ ಮೇಲೆ ವಿಮಾನದ ಹುಚ್ಚು ಹಿಡಿಯಿತು ಅಂತ ಊರಿನವರು ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು. ಹುಚ್ಚು ಹುಟ್ಟುವಾಗಲೇ ಜೊತೆಗೆ ಬಂದಿತ್ತು. ಐವತ್ತು ದಾಟಿದ ಮೇಲೆ ಕೈಗೆ ವಿಮಾನ ಬಂತು, ಅಷ್ಟೇ.

ಅವಳ ತವರು ಪಿರಿಯಾಪಟ್ಟಣದ ಕಡೆ, ಹೊಗೆಸೊಪ್ಪು ಬೆಳೆಯುವ ಊರು. ಸೊಪ್ಪು ಬೇಯಿಸುವ ಬ್ಯಾರನ್ನು ಅಂದರೆ ಆ ಊರಲ್ಲೆಲ್ಲ ಎತ್ತರದ ಕಟ್ಟಡ. ಆಕಾಶದಲ್ಲಿ ಗುಯ್ ಅಂದರೆ ಸಾಕು, ಲಂಗ ಎತ್ತಿ ಕಟ್ಟಿ ಏಣಿ ಹತ್ತಿ ಬ್ಯಾರನ್ನಿನ ಮಾಡಿನ ಮೇಲೆ ನಿಂತುಬಿಡುತ್ತಿದ್ದಳು. ವಿಮಾನ ಕಾಣಲಿ ಬಿಡಲಿ, ಎರಡು ಕೈ ಎತ್ತಿ ಟಾಟಾ ಮಾಡುವುದೇ. ಕೆಳಗೆ ಅವಳವ್ವ ಹೊಡೆಯೋಕೆ ಅಂತ ಕಡ್ಡಿ ಹಿಡಿದು ಕಾಯುತ್ತಿದ್ದಳು. ಆದರೆ ಹೊಡೆಯೋ ಹಾಗಿಲ್ಲ. ಕಡ್ಡಿಗೆ ಸೊಪ್ಪು ಕಟ್ಟುವುದರಲ್ಲಿ ಮಾಯಮ್ಮನ ಹೆಬ್ಬೆರಳಿನ ಚುರುಕು ಇನ್ನೊಬ್ಬರಿಗಿರಲಿಲ್ಲ. ಅಂಥ ಕೈಗೆ ಪೆಟ್ಟು ಬಿದ್ದರೆ ಕೆಲಸ ನಿಲ್ಲುತ್ತದಲ್ಲ, ಬೈದು ಸುಮ್ಮನಾಗುತ್ತಿದ್ದಳು.

ಮಿರ್ಲೆಗೆ ಸೊಸೆಯಾಗಿ ಬಂದಾಗ ಗಂಡ ಚಲುವಯ್ಯ ಅದೃಷ್ಟವಶಾತ್ ಸಮಾಧಾನದ ಆಸಾಮಿ. ಗದ್ದೆ, ದನ, ಎಲೆಅಡಿಕೆ, ಇಷ್ಟು ಸರಿಯಾಗಿ ನಡೆದರೆ ಮಿಕ್ಕದ್ದು ಹೆಂಡತಿ ಇಷ್ಟ ಅನ್ನುವವನು. ಅವಳು ನಲವತ್ತರ ಮೇಲೆ ಮೊಪೆಡ್ ಕಲಿತಾಗಲೂ ಅಷ್ಟೇ. ಕಲಿತ ವಾರದಲ್ಲೇ ಮೊಪೆಡ್ ಸಮೇತ ನಾಲೆಗೆ ಹೋದಳು. ಜನ ಓಡಿ ಬಂದು ನೋಡಿದರೆ ತಲೆ ಮೇಲೆ ಪಾಚಿ ಹೊತ್ತುಕೊಂಡು ನೀರಲ್ಲಿ ಕೂತು ನಗುತ್ತಿದ್ದಾಳೆ. ಹಿಂದಿನ ಸೀಟಿನಲ್ಲಿದ್ದ ವಾರಗಿತ್ತಿ ಚಿಕ್ಕಬೀರಮ್ಮ ಅವಳಿಗಿಂತ ಜೋರಾಗಿ ನಗುತ್ತಿದ್ದಾಳೆ. ಚಲುವಯ್ಯನ ತಮ್ಮ ಕಂಠಪ್ಪನ ಹೆಂಡತಿ ಈ ಚಿಕ್ಕಬೀರಮ್ಮ. ಸಾಲಿಗ್ರಾಮದ ಸಂತೆಗೆ ಇಬ್ಬರೂ ಅದೇ ಮೊಪೆಡ್ಡಿನಲ್ಲಿ. ಓಡಿಸುವವಳು ಮಾಯಮ್ಮ, 'ಅಕ್ಕ ಎಡಕ್ಕೆ, ಅಕ್ಕ ಎಮ್ಮೆ, ಅಕ್ಕ ಬ್ರೇಕು' ಅನ್ನುವವಳು ಅವಳು. ದಿನಕ್ಕೆ ನೂರು ಸಲ ಅಕ್ಕ. ಅಕ್ಕ ಅನ್ನದೆ ಅವಳಿಗೆ ಸೀನು ಕೂಡ ಬರುತ್ತಿರಲಿಲ್ಲ.

ಹೀಗಿದ್ದವರ ಮಧ್ಯೆ ಒಂದು ಗಿಂಡಿ ತುಪ್ಪ ಬಂತು ನೋಡಿ.

ಹಸು ಕರು ಹಾಕಿದರೆ ಮೊದಲ ಬೆಣ್ಣೆ ಕಾಸಿದ ತುಪ್ಪ ಮನೆದೇವರಿಗೆ. ಅದು ಮೀಸಲು. ದೇವರಿಗೆ ಒಪ್ಪಿಸುವ ತನಕ ಮನೆಯವರು ನಾಲಿಗೆಗೂ ತಾಕಿಸುವ ಹಾಗಿಲ್ಲ, ಬೆರಳೂ ಇಡುವ ಹಾಗಿಲ್ಲ. ಅಂಥ ತುಪ್ಪ ನೆಲುವಿನ ಮೇಲಿದ್ದಾಗ ಚಿಕ್ಕಬೀರಮ್ಮನ ಅಣ್ಣ ಹೇಳದೆ ಕೇಳದೆ ಊಟದ ಹೊತ್ತಿಗೆ ಬಂದ. ಎಷ್ಟೋ ವರ್ಷಕ್ಕೆ ಬಂದ ಅಣ್ಣ. ಒಬ್ಬಟ್ಟಿತ್ತು, ಮನೆಯಲ್ಲಿ ಬೇರೆ ತುಪ್ಪ ಇರಲಿಲ್ಲ. ಅವಳ ಕೈ ತಡೆಯಲಿಲ್ಲ, ಮೀಸಲು ಇಳಿಸಿ ಅಣ್ಣನ ಎಲೆಗೆ ಬಡಿಸಿಬಿಟ್ಟಳು. ಮಾಯಮ್ಮ ಹಟ್ಟಿಯಿಂದ ಒಳಗೆ ಬಂದವಳು ನೋಡಿದಳು. ನೋಡಿ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. 'ದೇವರ ಮೀಸಲಿಗೆ ಬಾಯಿ ಹಾಕೋ ಮನೆತನ' ಅಂದುಬಿಟ್ಟಳು. ಉಣ್ಣುತ್ತಾ ಕೂತಿದ್ದ ಆ ಅಣ್ಣ ಎಲೆ ಬಿಟ್ಟು ಎದ್ದು ಹೋದ.

ಅವತ್ತಿಂದ ಚಿಕ್ಕಬೀರಮ್ಮ ಅಕ್ಕ ಅನ್ನಲಿಲ್ಲ. ಪಾಲಾಯಿತು. ಉದ್ದ ಮನೆಯ ನಟ್ಟನಡುವೆ ಗೋಡೆ ಎದ್ದಿತು. ಗೋಡೆ ಹೆಂಚಿನ ತನಕ ಹೋಗದೆ ಆಳೆತ್ತರಕ್ಕೆ ನಿಂತದ್ದರಿಂದ ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆ ಸೀನುತ್ತಿದ್ದರು, ಆ ಕಡೆ ಲೋಟ ಬಿದ್ದರೆ ಈ ಕಡೆ ಬೆಚ್ಚುತ್ತಿದ್ದರು. ಮಾತು ಮಾತ್ರ ಇಲ್ಲ. ಹೇಳಲೇಬೇಕಾದ್ದು ಇದ್ದರೆ ಕೋಳಿಗೆ ಹೇಳುವುದು. 'ಏ ಕೋಳಿ, ನೀರು ಬುಟ್ಟವ್ರೆ, ಬೇಕಾದೋರು ಗದ್ದೆಗೆ ಕಟ್ಕೊಳ್ಳಿ' ಅಂತ ಈ ಕಡೆಯ ಕೋಳಿಗೆ ಹೇಳಿದರೆ, ಆ ಕಡೆಯ ಕಂಠಪ್ಪ ಗುದ್ದಲಿ ಹೊತ್ತು ಹೊರಡುತ್ತಿದ್ದ. ಆಡಿದ ಮಾತು ತಪ್ಪು ಅಂತ ಮಾಯಮ್ಮನಿಗೆ ಆಡಿದ ಗಳಿಗೆಯಲ್ಲೇ ಗೊತ್ತಿತ್ತು. ಆದರೆ ಗೊತ್ತಿರುವುದಕ್ಕೂ ಬಾಯಲ್ಲಿ ಬರುವುದಕ್ಕೂ ಮಧ್ಯೆ ದೊಡ್ಡ ಸೊಕ್ಕು ಕಾಲು ಚಾಚಿ ಮಲಗಿತ್ತು. ಎರಡು ವರ್ಷವಾಯಿತು. ಅವಳಿಗೆ ಬೇಕಾದ್ದು ಒಂದೇ, ಗೋಡೆ ಆಚೆಯಿಂದ ಒಂದು ಸಲ 'ಅಕ್ಕ' ಅನ್ನಿಸಿಕೊಳ್ಳಬೇಕು. ಹೊಸ ಸೀರೆ ಉಟ್ಟರೂ ನೋಡುವವಳಿಲ್ಲ, ಮೊಪೆಡ್ಡಿನ ಹಿಂದಿನ ಸೀಟಿಗೆ ಬರೀ ಹುಲ್ಲಿನ ಹೊರೆ.

ಇಂತಿರುವಾಗ ಮಾಯಮ್ಮ ಕೆಟ್ಟ ಮಿಕ್ಸಿ ಹೊತ್ತುಕೊಂಡು ಕೊಪ್ಪಕ್ಕೆ ಹೋದಳು. ಅಲ್ಲಿ ಅವಳಣ್ಣನ ಮಗ ಸುನೀಲ್ಕುಮಾರನ ರಿಪೇರಿ ಅಂಗಡಿ. ಮೊಬೈಲು, ಮಿಕ್ಸಿ, ಟೀವಿ, ಏನು ಕೊಟ್ಟರೂ ಬಿಚ್ಚುತ್ತಾನೆ, ಮುಚ್ಚುವುದು ದೇವರ ಇಚ್ಛೆ. ಮೋಟಾರು ಬಿಚ್ಚಿಕೊಂಡು ಕೂತವನು, ಅತ್ತೆ ಸುಮ್ಮನೆ ಕೂರುವವಳಲ್ಲ ಅಂತ ಗೊತ್ತಿದ್ದರಿಂದ, ಯಾರೋ ಹಳೇದು ಅಂತ ಕೊಟ್ಟುಹೋಗಿದ್ದ ಎರಡು ವಿಡಿಯೋ ಗೇಮಿನಲ್ಲಿ ಒಂದನ್ನು ಅವಳ ಕೈಗೆ ತುರುಕಿದ. ಅಂಗೈಗಿಂತ ಚೂರು ಉದ್ದ, ನಡುವೆ ಪರದೆ, ಎರಡು ಕಡೆ ಗುಂಡಿ, ಎಡ ಹೆಬ್ಬೆರಳಿಗೆ ಒಂದು ಮೋಟು ಕೋಲು. ಪರದೆಯೊಳಗೆ ಮೋಡ. ಮೋಡದೊಳಗೆ ವಿಮಾನ.

"ಐರನ್ ಗರುಡ ಅಂತ ಒಂದು ದೊಡ್ಡ ಆಟ ಐತೆ ಅತ್ತೆ, ಟೀವಿಗೆ ಹಾಕ್ಕೊಂಡು ಆಡೋದು," ಅಂದ ಸುನೀಲ್ಕುಮಾರ. "ಒಂದು ಎರಡು ಮೂರು ಅಂತ ಬತ್ತಾನೇ ಅವೆ. ಇದು ಅದ್ರಿಂದ ಬೇರೆ ಬಂದಿರೋ ಸಣ್ಣ ಆಟ. ಕೈಲಿಡ್ಕೊಂಡು ಆಡೋರಿಗೆ ಅಂತ ಮಾಡವ್ರೆ. ಕತೆ ಬೇರೆ, ವಿಮಾನ ಮಾತ್ರ ಅವೇಯ."

"ಅಂಗಂದ್ರೆ ಪಾಲಾಗಿ ಬಂದಿರೋ ಮನೆ ಅನ್ನು," ಅಂದಳು ಮಾಯಮ್ಮ.

ಕೋಲನ್ನು ಹಿಂದಕ್ಕೆ ಎಳೆದರೆ ವಿಮಾನದ ಮೂತಿ ಮೇಲಕ್ಕೇಳುತ್ತದೆ, ಮುಂದಕ್ಕೆ ನೂಕಿದರೆ ಕೆಳಕ್ಕೆ. ಹುಡುಗರಿಗೆ ಇದು ತಲೆಗೆ ಹೋಗಲು ದಿನಗಟ್ಟಲೆ ಬೇಕು, ಮೇಲೆ ಹೋಗಬೇಕಾದರೆ ಮೇಲಕ್ಕೇ ಒತ್ತುತ್ತಾರೆ ಅಂದ ಸುನೀಲ. "ಯಾಕ್ಲಾ, ಹಗ್ಗ ಎಳುದ್ರೆ ಎತ್ತು ತಲೆ ಎತ್ತಲ್ವಾ," ಅಂತ ಮಾಯಮ್ಮ ಎಳೆದೇಬಿಟ್ಟಳು. ಎದ್ದಿತು ವಿಮಾನ. ಮೋಡ ಸೀಳಿತು, ಬಿಸಿಲು ಹೊಡೆಯಿತು, ಕೆಳಗೆ ಹೊಳೆ ಬೆಟ್ಟ ಎಲ್ಲ ಚಿಕ್ಕದಾದವು. ಮಾಯಮ್ಮ ಸ್ಟೂಲಿನ ಮೇಲೆ ಕೂತೇ ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು, ಗಿರಾಕಿಯೊಬ್ಬರ ಮೇಲೆ ಬಿದ್ದಳು, ಎದ್ದಳು. ಐವತ್ತು ದಾಟಿದ ಹೆಂಗಸು ಅಷ್ಟು ಸಂತೋಷಪಟ್ಟದ್ದನ್ನು ಕೊಪ್ಪದ ಬೀದಿ ನೋಡಿರಲಿಲ್ಲ. ಅಷ್ಟರಲ್ಲಿ ನೆಲ ಹತ್ತಿರ ಬಂತು, ಮೂತಿ ಮೇಲೆತ್ತು ಅಂತ ಒಳಗಿನಿಂದ ಒಬ್ಬಾಕೆ ಇಂಗ್ಲಿಷಿನಲ್ಲಿ ಕೂಗಿಕೊಂಡಳು, 'ಪುಲ್ಲಪ್, ಪುಲ್ಲಪ್.'

"ಯಾರ್ಲಾ ಅದು ಪುಲ್ಲಪ್ಪ?"

ಸುನೀಲನಿಗೆ ನಗು ತಡೆಯಲಾಗಲಿಲ್ಲ. "ಡ್ರೈವರ್ರು ಅತ್ತೆ," ಅಂದ.

ಹೀಗೆ ಪುಲ್ಲಪ್ಪ ಮಿರ್ಲೆಗೆ ಬಂದ. ಮಿಕ್ಸಿ ಕೊಪ್ಪದಲ್ಲೇ ಉಳಿಯಿತು.

ಹೊರಡುವ ಮುಂಚೆ ಇನ್ನೊಂದಾಯಿತು. ಎದುರು ಬರುವ ವೈರಿ ವಿಮಾನಗಳನ್ನು ಹೊಡೆಯೋಕೆ ಎರಡು ಥರದ ಆಯುಧ. ಒಂದು ತುಪಾಕಿ, ಎಷ್ಟು ಹೊಡೆದರೂ ಮುಗಿಯದು. ಇನ್ನೊಂದು ರೆಕ್ಕೆಯ ಕೆಳಗೆ ಜೋಡಿಸಿಟ್ಟಿರುವುದು, ಎಣಿಸಿ ಕೊಟ್ಟಷ್ಟೇ. ಅದು ಸಿದ್ಧವಾಗಿದೆ ಅನ್ನೋದಕ್ಕೆ ಒಳಗಿನಾಕೆ ತನ್ನ ಇಂಗ್ಲಿಷಿನಲ್ಲಿ ತನ್ನದೇ ರಾಗದಲ್ಲಿ ಹೇಳುತ್ತಿದ್ದಳು, 'ಮಿಸ್ಲ್.' ಮಾಯಮ್ಮನ ಕಿವಿಗೆ ಅದು ಬಿದ್ದದ್ದು 'ಮೀಸ್ಲು' ಅಂತ.

"ಅದು ಮಿಸೈಲ್ ಅತ್ತೆ. ಈ ದುಂಡು ಬಟನ್ನು ಒತ್ತು, ಬುಟ್ಟು ನೋಡು."

"ಆವಮ್ಮ ಬಾಯಿಬುಟ್ಟು ಮೀಸ್ಲು ಮೀಸ್ಲು ಅಂತ ಬಡ್ಕೋತಾವ್ಳೆ. ನಿನ್ ಮಾತು ಕೇಳ್ಲಾ, ವಿಮಾನದವಳ ಮಾತು ಕೇಳ್ಲಾ? ಅಷ್ಟು ನೀಟಾಗಿ ಜೋಡ್ಸಿಟ್ಟವ್ರೆ. ಯಾವ ದೇವ್ರಿಗೆ ಇಟ್ಟವ್ರೋ ಏನೋ."

ಸುನೀಲ ಎಷ್ಟು ಹೇಳಿದರೂ ದುಂಡು ಗುಂಡಿಯ ಕಡೆಗೆ ಅವಳ ಹೆಬ್ಬೆರಳು ಹೋಗಲಿಲ್ಲ. ಅವನಿಗೆ ಅದು ಅತ್ತೆಯ ಪೆದ್ದುತನ. ಮಾಯಮ್ಮ ಅಷ್ಟೇನೂ ಪೆದ್ದಿಯಲ್ಲ. ಮೀಸಲು ಮುರಿದಳು ಅಂತ ಒಬ್ಬಳ ತವರನ್ನೇ ಹಳಿದ ಬಾಯಿ ಅದು. ಆಟದಲ್ಲೇ ಆಗಲಿ, ಈಗ ತಾನೇ ಮುರಿದರೆ ಆ ಮಾತಿಗೆ ಏನು ಬೆಲೆ ಉಳಿಯಿತು? ಮುಟ್ಟುವುದಿಲ್ಲ ಅಂದರೆ ಮುಟ್ಟುವುದಿಲ್ಲ.

ಮೀಸಲು ಬಿಡದೆ ಬರೀ ತುಪಾಕಿಯಲ್ಲಿ ಹೊಡೆಯಬೇಕು ಅಂದರೆ ವೈರಿಯ ಬಾಲಕ್ಕೆ ಅಂಟಿಕೊಂಡೇ ಹಾರಬೇಕು. ಮಾಯಮ್ಮ ಹಾರಿದಳು. ಸೇತುವೆ ಕೆಳಗೆ ನುಗ್ಗಿದಳು, ಬೆಟ್ಟದ ಸಂದಿಯಲ್ಲಿ ತೂರಿದಳು, ಬೆಟ್ಟಕ್ಕೇ ಹೊಡೆದು ಪುಲ್ಲಪ್ಪನನ್ನು ಲೆಕ್ಕವಿಲ್ಲದಷ್ಟು ಸಲ ಕೊಂದಳು. ಸೊಪ್ಪು ಕಟ್ಟಿದ ಹೆಬ್ಬೆರಳು ಗುಂಡಿಯ ಮೇಲೆ ಟಪಟಪ ಅಂತ ಕುಣಿಯುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿನಿಂದ ಹಾಲು ಕರೆಯುವ ಹೊತ್ತಿನ ತನಕ ಇದೇ. ಸಾರಿಗೆ ಉಪ್ಪಿಲ್ಲ ಅಂತ ಚಲುವಯ್ಯ ಮೆಲ್ಲಗೆ ಹೇಳಿದರೆ, "ಪುಲ್ಲಪ್ಪ ಸಾಯ್ತಾವ್ನೆ, ನಿಮ್ಗೆ ಉಪ್ಪಿನ ಚಿಂತೆ," ಅನ್ನುತ್ತಿದ್ದಳು. ಅವನು ಎದ್ದು ಉಪ್ಪು ತಂದುಕೊಂಡು, ತಟ್ಟೆ ಹಿಡಿದೇ ಬಂದು ಪಕ್ಕದಲ್ಲಿ ಕೂತು ನೋಡುತ್ತಿದ್ದ.

ಗೋಡೆಯ ಆ ಕಡೆ ಕಿವಿ ಇತ್ತಲ್ಲ. ಮೂರನೇ ದಿನಕ್ಕೆ ಚಿಕ್ಕಬೀರಮ್ಮ ತನ್ನ ಕೋಳಿಗೆ ಹೇಳಿದಳು. "ಏ ಕೋಳಿ, ಆ ಮನೇಲಿ ಯಾರೋ ಪುಲ್ಲಪ್ಪ ಅನ್ನೋನು ಸೇರ್ಕೊಂಡವ್ನೆ. ಬಾವನೋರು ಉಷಾರಾಗಿರ್ಲಿ."

ಮಾಯಮ್ಮನ ಹೊಟ್ಟೆಯೊಳಗೆ ಸಕ್ಕರೆ ಬಿತ್ತು. ಎರಡು ವರ್ಷದಲ್ಲಿ ಕೋಳಿ ಮೂಲಕ ಬಂದ ಅತಿ ಉದ್ದದ ಮಾತು ಅದೇ, ಅದರಲ್ಲೂ ಕೀಟಲೆ. ತನ್ನ ಕೋಳಿಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು ತಂದು ಹೇಳಿದಳು. "ಏ ಕೋಳಿ, ಪುಲ್ಲಪ್ಪ ಮನೆ ಒಳಗಿಲ್ಲ, ಮೋಡದ ಮ್ಯಾಲವ್ನೆ ಅಂತ ಹೇಳು. ನೋಡೋ ಆಸೆ ಇದ್ದೋರು ಕೊಪ್ಪಕ್ಕೋಗಿ ಸುನೀಲನ ಅಂಗಡೀಲಿ ಕೇಳ್ಲಿ."

ಕಂಠಪ್ಪ ಆ ವಾರ ಶುಂಠಿ ಬೀಜ ವಿಚಾರಿಸಿಕೊಂಡು ಬರ್ತೀನಿ ಅಂತ ಕೊಪ್ಪಕ್ಕೆ ಹೋದ. ಅವರಿಗೆ ಶುಂಠಿ ಹಾಕುವ ಹೊಲವೇ ಇರಲಿಲ್ಲ. ಸಂಜೆಗೆ ಗೋಡೆ ಆಚೆಯಿಂದ ಕೂಗು ಬಂತು, 'ಪುಲ್ಲಪ್, ಪುಲ್ಲಪ್.' ಆಮೇಲೆ ಢಮಾರ್. ಆಮೇಲೆ ಚಿಕ್ಕಬೀರಮ್ಮ ಯಾರನ್ನೋ ಬೈದದ್ದು. ಮಾಯಮ್ಮ ಸೆರಗು ಬಾಯಿಗೆ ಅದುಮಿಕೊಂಡು ನಕ್ಕಳು, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು.

ಮಿಕ್ಸಿ ಕೊಡುವ ನೆಪದಲ್ಲಿ ಸುನೀಲ್ಕುಮಾರ ಮಿರ್ಲೆಗೆ ಬಂದ. ಈ ಮನೆಯಲ್ಲಿ ಕಾಫಿ ಕುಡಿದ, ಆ ಮನೆಯಲ್ಲೂ ಕುಡಿದ. ಎರಡು ಕಡೆಯೂ ಆಟದ ಪೆಟ್ಟಿಗೆ ತೆಗೆದುಕೊಂಡು ಏನೇನೋ ಒತ್ತಿ, ಏನೂ ಅರಿಯದವನ ಹಾಗೆ ವಾಪಸು ಕೊಟ್ಟ. ಹತ್ತಿರ ಹತ್ತಿರ ಇದ್ದರೆ ಅಂಥ ಎರಡು ಪೆಟ್ಟಿಗೆ ತಂತಿ ಇಲ್ಲದೆ ಒಂದಕ್ಕೊಂದು ಸೇರಿಕೊಳ್ಳುತ್ತವೆ, ಇಬ್ಬರೂ ಒಂದೇ ಆಕಾಶದಲ್ಲಿ ಹಾರಬಹುದು. ಮಾಯಮ್ಮನಿಗೆ ಮಾತ್ರ ಹೊರಡುವಾಗ ಇಷ್ಟು ಹೇಳಿದ. "ಅತ್ತೆ, ಹಸಿರು ಬಾಣ ಇರೋ ವಿಮಾನ ಬಂದ್ರೆ ಹೊಡೀಬ್ಯಾಡ. ಅದು ನಮ್ಮೋರದು."

ಮಾರನೇ ದಿನ ಹಸಿರು ಬಾಣ ಬಂತು. ಬಂದದ್ದೇ ಮಾಯಮ್ಮನ ರೆಕ್ಕೆಗೆ ತಾಗುವ ಹಾಗೆ ಹಾರಿ, ಒಂದು ಸುತ್ತು ಹಾಕಿ, ವೈರಿಗಳ ಮೇಲೆ ಮೀಸಲನ್ನು ಹೂವು ಎರಚಿದಂತೆ ಎರಚಿತು. ಗೋಡೆ ಆಚೆ ಗುಂಡಿ ಟಕಟಕ ಅಂದಂತೆಲ್ಲ ಇಲ್ಲಿ ಪರದೆಯಲ್ಲಿ ಸೊಯ್ ಸೊಯ್ ಅನ್ನುತ್ತಿತ್ತು. ಯಾರು ಅಂತ ಹೇಳಬೇಕೇ? ದೇವರದ್ದು ದಿಂಡರದ್ದು ನೋಡದೆ ಇದ್ದುದನ್ನೆಲ್ಲ ಒಂದೇ ಏಟಿಗೆ ಬಡಿಸಿ ಕೈ ತೊಳೆಯುವವಳು ಮಿರ್ಲೆಯಲ್ಲಿ ಒಬ್ಬಳೇ ಇದ್ದದ್ದು. ಮಾಯಮ್ಮನಿಗೆ ಸಿಟ್ಟೂ ಬಂತು, ನಗುವೂ ಬಂತು, ನಗುವೇ ಗೆದ್ದಿತು.

ಅಲ್ಲಿಂದ ಜೋಡಿ ಹಾರಾಟ. ಚಿಕ್ಕಬೀರಮ್ಮ ಮುಂದೆ ನುಗ್ಗುವುದು, ಮೀಸಲೆಲ್ಲ ಖಾಲಿ ಮಾಡಿಕೊಂಡು ಸಿಕ್ಕಿಹಾಕಿಕೊಳ್ಳುವುದು, ಮಾಯಮ್ಮ ಹಿಂದಿನಿಂದ ತುಪಾಕಿ ಹೊಡೆಯುತ್ತಾ ಬಂದು ಬಿಡಿಸುವುದು. ಬಾಯಿಂದ ಮಾತ್ರ ಒಂದು ಅಕ್ಷರ ಇಲ್ಲ. "ಏ ಕೋಳಿ, ಎಡಕ್ಕೆ ನೋಡ್ಕೊಳ್ಳೋರು ನೋಡ್ಕೊಳ್ಳಿ," ಅಂತ ಇಲ್ಲಿಂದ. "ಏ ಕೋಳಿ, ನಮ್ಗೂ ಕಣ್ಣವೆ," ಅಂತ ಅಲ್ಲಿಂದ. ಕೋಳಿಗಳು ಪಾಪ, ಯುದ್ಧ ಮುಗಿಯುವ ತನಕ ಕಾಲಿಗೆ ದಾರ ಕಟ್ಟಿಸಿಕೊಂಡು ಕೂತಿರುತ್ತಿದ್ದವು. ಗಂಡಂದಿರಿಬ್ಬರೂ ಹೊರಗೆ ಜಗಲಿ ಮೇಲೆ ಸಿಕ್ಕಾಗ ಅಣ್ಣ ಹುಬ್ಬು ಹಾರಿಸುತ್ತಿದ್ದ, ತಮ್ಮ ಭುಜ ಕುಣಿಸುತ್ತಿದ್ದ. ಹಾಗೆ ನೋಡಿದರೆ ಅವರಿಬ್ಬರೂ ಯಾವತ್ತೂ ಜಗಳವಾಡಿದವರೇ ಅಲ್ಲ.

ಕೊನೆಗೆ ಕಡೇ ಯುದ್ಧ ಬಂತು. ಎದುರಿಗೆ ಒಂದು ವಿಮಾನ, ವಿಮಾನ ಅಂದರೆ ಅದು ಮಿರ್ಲೆ ಊರೇ ಕಿತ್ತುಕೊಂಡು ಮೇಲಕ್ಕೆದ್ದಂತೆ. ತುಪಾಕಿಯ ಗುಂಡು ಅದರ ಮೈಗೆ ಬಿದ್ದು ರಾಗಿಕಾಳಿನ ಹಾಗೆ ಉದುರುತ್ತಿತ್ತು. ಮೀಸಲಿಗೆ ಮಾತ್ರ ಅದು ಬಗ್ಗುವುದು. ಚಿಕ್ಕಬೀರಮ್ಮ ತನ್ನದೆಲ್ಲ ಅದರ ಮೇಲೆ ಸುರಿದರೂ ಅರ್ಧವೇ ಮುರಿಯುತ್ತಿತ್ತು. ಉಳಿದರ್ಧಕ್ಕೆ ಮಾಯಮ್ಮನ ರೆಕ್ಕೆ ಕೆಳಗಿನದ್ದು ಬೇಕು. ಅದು ಜೋಡಿಸಿಟ್ಟದ್ದು ಜೋಡಿಸಿಟ್ಟ ಹಾಗೇ ಇತ್ತು. ಮೂರು ಮಧ್ಯಾಹ್ನ ಸೋತರು. ಮೂರು ಸಲವೂ ಮೊದಲು ಬಿದ್ದದ್ದು ಹಸಿರು ಬಾಣ. ಮೂರನೇ ಸಲ ಆ ಕಡೆಯಿಂದ ಕೋಳಿಗೂ ಮಾತು ಬರಲಿಲ್ಲ, ಪೆಟ್ಟಿಗೆ ಹಾಸಿಗೆ ಮೇಲೆ ಎಸೆದ ಸದ್ದು ಬಂತು. ಇನ್ನೊಂದು ಸಲ ಹೀಗಾದರೆ ಅವಳು ಆಟವನ್ನೇ ಬಿಟ್ಟುಬಿಡುತ್ತಾಳೆ ಅಂತ ಮಾಯಮ್ಮನಿಗೆ ಗೊತ್ತಾಯಿತು. ಬಿಟ್ಟರೆ ಮತ್ತೆ ಬರೀ ಒಗ್ಗರಣೆ, ಬರೀ ಸೀನು. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

"ಆ ಬಟನ್ನು ಒತ್ತೋದ್ರಲ್ಲಿ ಏನೈತೆ," ಅಂದ ಚಲುವಯ್ಯ.

"ನಿಮ್ಗೆ ಗೊತ್ತಿಲ್ವಾ ಏನೈತೆ ಅಂತ?"

ಗೊತ್ತಿತ್ತು ಅವನಿಗೆ. ಎಲೆಅಡಿಕೆ ಹಾಕಿಕೊಂಡ.

ನಾಲ್ಕನೇ ಮಧ್ಯಾಹ್ನ ಕೂತರು. ಇಬ್ಬರಿಗೂ ಅದೆಂಥ ಅವಸರವೋ, ಕೋಳಿ ಕಟ್ಟುವುದನ್ನೇ ಮರೆತಿದ್ದರು. ಎರಡು ಮನೆಯ ಕೋಳಿಗಳೂ ತಿಪ್ಪೆಯ ಮೇಲೆ ಆರಾಮವಾಗಿ ಕೆದಕುತ್ತಿದ್ದವು. ಆಕಾಶದಲ್ಲಿ ಬೆಂಕಿಯೋ ಬೆಂಕಿ. ಚಿಕ್ಕಬೀರಮ್ಮ ಎಂದಿನಂತೆ ನುಗ್ಗಿದಳು, ಎಂದಿನಂತೆ ಖಾಲಿಯಾದಳು. ದೊಡ್ಡ ವಿಮಾನ ಅವಳ ಕಡೆ ತಿರುಗಿತು. ಹಸಿರು ಬಾಣದ ಬಾಲದಿಂದ ಹೊಗೆ ಎದ್ದಿತು, ಒಂದು ರೆಕ್ಕೆ ಕೆಂಪಗಾಯಿತು. ಮಾಯಮ್ಮ ತುಪಾಕಿ ಹೊಡೆದೇ ಹೊಡೆದಳು, ಒಂದೂ ನಾಟಲಿಲ್ಲ. ಗೋಡೆಯಾಚೆ ಚಿಕ್ಕಬೀರಮ್ಮ "ಏ ಕೋ..." ಅಂತ ಶುರುಮಾಡಿದಳು. ತಿರುಗಿ ನೋಡಿರಬೇಕು, ಕೋಳಿ ಇಲ್ಲ. ಹೇಳಿಕೊಳ್ಳೋಕೆ ಮನೆಯಲ್ಲಿ ಒಂದು ಕೋಳಿಯೂ ಇಲ್ಲ.

"ಅಕ್ಕ, ನಾ ಹೊಂಟೆ ಕಣಕ್ಕ."

ಮಾಯಮ್ಮನಿಗೆ ಆಮೇಲೆ ಏನು ಮಾಡಿದೆ ಅಂತ ನೆನಪಿಲ್ಲ. ನೆನಪಿರುವುದು ಚಲುವಯ್ಯನಿಗೆ. ಅವಳ ಬಲ ಹೆಬ್ಬೆರಳು ದುಂಡು ಗುಂಡಿಯ ಮೇಲೆ ಬಿತ್ತಂತೆ, ಏಳಲೇ ಇಲ್ಲವಂತೆ. ರೆಕ್ಕೆ ಕೆಳಗೆ ಇದ್ದದ್ದೆಲ್ಲ ಒಂದರ ಹಿಂದೆ ಒಂದು ಹೊರಟಿತು, ಒಂದನ್ನೂ ಉಳಿಸಲಿಲ್ಲ. ದೊಡ್ಡ ವಿಮಾನದ ನಡು ಮುರಿಯಿತು. ಅದು ಬೀಳುವುದನ್ನೂ ಅವಳು ನೋಡಲಿಲ್ಲ. ಪೆಟ್ಟಿಗೆಯನ್ನು ಗಂಡನ ತೊಡೆ ಮೇಲೆ ಹಾಕಿ ಎದ್ದವಳು, ಜಗಲಿ ಸುತ್ತಿ, ಎರಡು ವರ್ಷದಿಂದ ತುಳಿಯದ ಹೊಸಿಲು ದಾಟಿ ಒಳಗೆ ಹೋಗಿ ನಿಂತಳು. ಓಡಿದ್ದಕ್ಕೆ ಏದುಸಿರು ಬರುತ್ತಿತ್ತು.

ಚಿಕ್ಕಬೀರಮ್ಮ ಚಾಪೆ ಮೇಲೆ ಪೆಟ್ಟಿಗೆ ಹಿಡಿದು ಕೂತಿದ್ದಳು. ತಲೆ ಎತ್ತಲಿಲ್ಲ.

"ಬಿದ್ದಾ?" ಅಂದಳು ಮಾಯಮ್ಮ.

"ಇಲ್ಲ. ಹೊಗೆ ಬತ್ತಾ ಐತೆ. ಹಾರ್ತಾ ಇವ್ನಿ." ಗುಂಡಿ ಒತ್ತುತ್ತಲೇ ಕೇಳಿದಳು. "ಅಷ್ಟೂ ಬುಟ್ಯಾ?"

"ಅಷ್ಟೂ ಬುಟ್ಟೆ."

"ಮೀಸಲು ಅಂತಿದ್ದೆ."

"ಮೀಸಲು ಬೇಕಾದ್ರೆ ಇನ್ನೊಂದು ಸಲ ಎತ್ತಿಡ್ಬೋದು ಕಣೆ. ನೀನು ಬಿದ್ದೋಗಿದ್ರೆ ನಾನೆಲ್ಲಿಂದ ತರ್ಲಿ." ಮಾಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಮುಂದುವರಿಸಿದಳು. "ಅವತ್ತು ನಿಮ್ಮಣ್ಣ ಉಣ್ತಾ ಕೂತಿದ್ದಾಗ ಇದ್ನೇ ಅನ್ಬೇಕಿತ್ತು. ತಿನ್ಲಿ ಬುಡು, ದೇವ್ರಿಗೆ ಇನ್ನೊಂದು ಸಲ ಕಾಯ್ಸಾನ ಅನ್ಬೇಕಿತ್ತು. ಅನ್ಲಿಲ್ಲ. ತಪ್ಪು ನಂದು ಕಣೆ ಬೀರಿ."

ಅಷ್ಟು ಹೇಳಿ ಮುಗಿಸುವ ಹೊತ್ತಿಗೆ ಮಾಯಮ್ಮನ ಕಣ್ಣು ಮೂಗು ಎಲ್ಲ ಒಂದಾಗಿತ್ತು. ಚಿಕ್ಕಬೀರಮ್ಮ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಚಾಪೆಯ ಒಂದು ತುದಿಗೆ ಸರಿದು ಜಾಗ ಮಾಡಿದಳು.

"ಕೂತ್ಕೊ ಅಕ್ಕ," ಅಂದಳು. "ನಿಂತ್ಕೊಂಡೇ ಎಷ್ಟೊತ್ತು ಅಂತ ಅಳ್ತೀಯ."